ಕಾರು ಕೊಡಿಸಿದವನ ಆಯ

ಭೀಮರಾಯನಗುಡಿ
11 ನವೆಂಬರ್ 1997

ತಮ್ಮ ದ್ಯಾವಪ್ಪನಿಗೆ ಬಸವಂತರಾಯ ಮಾಡುವ ಆಶೀರ್ವಾದಗಳು.

ಯಾವ ಬಸವಂತರಾಯ ಎಂದು ತಲೆ ಕೆರೆದುಕೊಳ್ಳಬೇಡ. ದೀಪಾವಳಿ ಪಾಡ್ಯದ ದಿನ ಗುಲ್ಬರ್ಗಾದ ನಿಮ್ಮ ಷೋರೂಮಿನಲ್ಲಿ ನಿನ್ನ ಕೈಯಿಂದ ಬಿಳಿ ಕಾರಿನ ಕೀಲಿ ತೆಗೆದುಕೊಂಡ ರುಮಾಲಿನ ಮುದುಕ ನಾನು. ನಾವು ಮೂಲದಲ್ಲಿ ಕುರಿ ಕಾಯುವವರು. ಕಾಲುವೆ ನೀರು ಬಂದ ಮೇಲೆ ಕುರಿ ಮಾರಿ ಭತ್ತ ಹಚ್ಚಿದೆವು. ಹನ್ನೆರಡು ವರ್ಷವಾದರೂ ಮೈಯಿಂದ ಕುರಿ ವಾಸನೆ ಹೋಗಿಲ್ಲ ಎಂದು ನನ್ನ ಹೆಂಡತಿ ರೇಣಮ್ಮ ಅನ್ನುತ್ತಾಳೆ. ನಿಮ್ಮ ಷೋರೂಮಿನ ತಂಪು ಗಾಳಿಯಲ್ಲಿ ಅದು ನಿಮಗೆಲ್ಲ ಬಡಿದಿರಬೇಕು.

ಕಾರು ಚೆನ್ನಾಗಿದೆ. ಮಗ ಮರಿಲಿಂಗಪ್ಪ ಓಡಿಸುತ್ತಾನೆ. ಹೋದ ಶುಕ್ರವಾರ ರೇಣಮ್ಮನನ್ನು ಗುಲ್ಬರ್ಗಾದ ದವಾಖಾನೆಗೆ ತೋರಿಸಿಕೊಂಡು ಬಂದೆವು. ಅವಳ ಎದೆನೋವಿನ ಸಂಗತಿ ನಿನಗೆ ಗೊತ್ತೇ ಇದೆ. ಮೂರು ವರ್ಷ ತಿಂಗಳಿಗೊಮ್ಮೆ ಬಸ್ಸಿನಲ್ಲಿ ನಿಂತು ಹೋಗಿ ಬಂದವಳು ಈ ಸಲ ಹಿಂದಿನ ಸೀಟಿನಲ್ಲಿ ಮಲಗಿಯೇ ಬಂದಳು. ಜೇವರ್ಗಿ ದಾಟಿದ್ದೂ ಅವಳಿಗೆ ತಿಳಿಯಲಿಲ್ಲ.

ಪತ್ರ ಬರೆಯುವ ಕಾರಣ ಬೇರೆ ಇದೆ. ಮೊದಲ ಸಲ ನಾವು ಬಂದಾಗ ನಿಮ್ಮ ಮ್ಯಾನೇಜರು ಮುಂದೆ ನಿಲ್ಲಿಸಿದ್ದ ಒಂದು ಕಾರು ತೋರಿಸಿ, ಇವತ್ತೇ ಒಯ್ಯಿರಿ, ಮುಹೂರ್ತ ಚೆನ್ನಾಗಿದೆ ಅಂದ. ನಾನು ಹೂಂ ಅನ್ನುವವನೇ ಇದ್ದೆ. ನೀನು ನೀರು ಕೊಡುವ ನೆಪದಲ್ಲಿ ಬಗ್ಗಿ, "ಕಾಕಾ, ಇದನ್ನ ಒಯ್ಯಬ್ಯಾಡ್ರಿ. ಲಾರಿಯಿಂದ ಇಳಸೂ ಮುಂದ ಬಿದ್ದಾದ, ಬಣ್ಣ ಹಚ್ಚಿ ನಿಲ್ಲಿಸ್ಯಾರ. ಹದಿನೈದು ದಿನ ತಡೀರಿ" ಅಂದೆ. ನಾನು ಪಂಚಾಂಗದ ನೆಪ ಹೇಳಿ ಎದ್ದು ಬಂದೆ. ಆ ಮಾತು ಮ್ಯಾನೇಜರಿನ ಕಿವಿಗೆ ಬಿದ್ದಿದ್ದರೆ ನಿನ್ನ ನೌಕರಿ ಉಳಿಯುತ್ತಿರಲಿಲ್ಲ. ನನ್ನದು ನಿನ್ನದು ಏನು ಸಂಬಂಧ? ಯಾಕೆ ಹೇಳಿದೆ? ಹತ್ತು ದಿನದಿಂದ ಇದೇ ತಲೆಯಲ್ಲಿದೆ.

ನಿನಗೆ ಏನಾದರೂ ಕೊಡಬೇಕು. ಏನು ಕೊಡಬೇಕೋ ತಿಳಿಯದು. ನಮ್ಮ ಮನೆತನದಲ್ಲಿ ಟಗರು ಕೊಂಡರೆ ರೊಕ್ಕ ಒಡೆಯನಿಗೆ, ಆದರೆ ಅದನ್ನು ಕಾಯ್ದವನ ಕೈಗೂ ಏನಾದರೂ ಇಡಬೇಕು. ಇಡದಿದ್ದರೆ ಟಗರು ಹೊಸ ದೊಡ್ಡಿಗೆ ಬಂದ ಮೇಲೂ ಹಿಂದಕ್ಕೆ ಹೊರಳಿ ನೋಡುತ್ತದೆ ಅನ್ನುತ್ತಿದ್ದರು ನಮ್ಮಪ್ಪ. ಕಾರಿಗೆ ಯಾವ ನಿಯಮವೋ. ನಮ್ಮೂರ ಶಾಲೆಯ ಸೂಗಪ್ಪ ಮಾಸ್ತರನನ್ನು ಕೇಳಿದೆ. "ಅವಂಗ ಪಗಾರ ಅದ, ನೀ ಯಾಕ ಕೊಡ್ತಿ?" ಅಂದ. ಶಹಾಪುರ ಸಂತೆಯ ಕುರಿ ದಲಾಲಿ ನಸೀರುದ್ದೀನ ಸ್ವಲ್ಪ ಯೋಚಿಸಿ, "ಖುಷಿಲೆ ಕೊಟ್ರ ಇನಾಮು, ಕೇಳಿದ ಮ್ಯಾಲ ಕೊಟ್ರ ರಿಶ್ವತ್ತು. ಅವ ಕೇಳ್ಯಾನೇನು?" ಅಂದ. ನೀನು ಕೇಳಿಲ್ಲ, ಹಾಗಾಗಿ ಲಂಚವಾಗುವುದಿಲ್ಲ.

ಕುರಿ ಕೇಳಿ ಮಸಾಲೆ ಅರೆಯುತ್ತಾರೇನು ಅನ್ನುತ್ತಾರೆ. ನಾನು ಕುರಿಯವನು, ಕೇಳಿಯೇ ಅರೆಯುತ್ತೇನೆ. ನಿಮ್ಮ ಧಂದೆಯಲ್ಲಿ ರಿವಾಜು ಏನಿದೆಯೋ ನಾಚದೆ ಬರೆ.

ನಿನ್ನ ಹಿತ ಬಯಸುವ
ಬಸವಂತರಾಯ


ಗುಲ್ಬರ್ಗಾ
19 ನವೆಂಬರ್ 1997

ಬಸವಂತರಾಯ ಕಾಕಾರಿಗೆ ದ್ಯಾವಪ್ಪನ ನಮಸ್ಕಾರಗಳು.

ನಿಮ್ಮ ಪತ್ರ ಷೋರೂಮಿನ ವಿಳಾಸಕ್ಕೆ ಬಂದಿತ್ತು. ಪುಣ್ಯಕ್ಕೆ ಯಾರೂ ಒಡೆದಿರಲಿಲ್ಲ. ಆ ಬಣ್ಣದ ಸಂಗತಿ ದಯವಿಟ್ಟು ಇನ್ನೊಮ್ಮೆ ಕಾಗದದಲ್ಲಿ ಬರೆಯಬೇಡಿ. ಅದು ನಮ್ಮಿಬ್ಬರಲ್ಲೇ ಇರಲಿ. ಯಾಕೆ ಹೇಳಿದೆ ಎಂದು ಕೇಳಿದ್ದೀರಿ. ರೇಣಮ್ಮ ಕಾಕಿ ಆ ದಿನ ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತಿದ್ದರು. ಅವರು ನಡುದಾರಿಯಲ್ಲಿ ಕೆಟ್ಟು ನಿಂತ ಕಾರಿನಲ್ಲಿ ಇರುವುದು ನನ್ನ ಕಣ್ಣ ಮುಂದೆ ಬಂತು. ಅಷ್ಟೇ.

ರಿವಾಜು ಅಂತ ಏನೂ ಇಲ್ಲ. ಕೆಲವರು ಕೀಲಿ ತೆಗೆದುಕೊಳ್ಳುವಾಗ ಚಹಾಕ್ಕೆಂದು ಒಂದು ನೋಟು ಮಡಚಿ ಕೊಡುತ್ತಾರೆ. ಕೆಲವರು ಪೇಢೆ ಹಂಚುತ್ತಾರೆ. ಹೆಚ್ಚಿನವರು ನಿಂಬೆಹಣ್ಣಿನ ಮೇಲೆ ಗಾಲಿ ಹಾಯಿಸಿ ಹೊರಟುಬಿಡುತ್ತಾರೆ. ನಾವು ಎಲ್ಲರಿಗೂ ಒಂದೇ ರೀತಿ ಕೈ ಮುಗಿಯುತ್ತೇವೆ.

ನಿಮಗೆ ಮನಸ್ಸು ತಡೆಯದಿದ್ದರೆ ನಮ್ಮ ಮಾಲೀಕರಿಗೆ ಒಂದು ಕಾರ್ಡು ಬರೆಯಿರಿ. ಹುಡುಗ ಚೆನ್ನಾಗಿ ಮಾತಾಡಿಸಿದ ಎಂದು ಎರಡು ಸಾಲು ಸಾಕು. ಮೊದಲ ಸರ್ವಿಸಿಗೆ ಡಿಸೆಂಬರ್ ಕೊನೆಗೆ ಕಾರು ತರಬೇಕು, ಆಗ ಕೂತು ಚಹಾ ಕುಡಿಯೋಣ.

ನಮ್ಮ ಊರು ಯಾದಗಿರಿ ಹತ್ತಿರದ ರಾಮಸಮುದ್ರ ಎಂದು ಆಗಲೇ ಹೇಳಿದ್ದೆ. ನಮ್ಮಪ್ಪ ಸಾಬಣ್ಣ ನಿಮ್ಮ ಭೀಮರಾಯನಗುಡಿಯ ಕಡೆ ಕೆಲವು ವರ್ಷ ಇದ್ದ. ಈಗ ಊರಲ್ಲೇ ಇದ್ದಾನೆ. ಕಾಕಿಗೆ ಗುಳಿಗೆ ತಪ್ಪಿಸದಂತೆ ಹೇಳಿರಿ.

ನಿಮ್ಮ
ದ್ಯಾವಪ್ಪ


ಭೀಮರಾಯನಗುಡಿ
2 ಜನವರಿ 1998

ತಮ್ಮ ದ್ಯಾವಪ್ಪನಿಗೆ ಆಶೀರ್ವಾದಗಳು.

ಸೋಮವಾರ ನಾವು ಬಂದು ಹೋದ ಮೇಲೆ ನಿನಗೆ ಬರೆಯಬೇಕೆಂದು ಕೂತರೆ ಊರವರು ಬಿಡಲಿಲ್ಲ. ಭತ್ತದ ರಾಶಿ ಮುಗಿದಿದೆ, ಕಣದಲ್ಲಿ ಈ ವರ್ಷದಷ್ಟು ದೊಡ್ಡ ರಾಶಿ ನಾನು ಕಂಡಿಲ್ಲ. ಅದರ ಮೇಲಿನ ಭತ್ತವನ್ನೇ ಮಿಲ್ಲಿಗೆ ಹಾಕಿಸಿ, ನುಚ್ಚು ತೆಗೆಸಿ, ಹೊಸ ಚೀಲಕ್ಕೆ ತುಂಬಿಸಿ ತಂದಿದ್ದೆ. ನೀನು ಕಾರ್ಡು ಬರೆಯಿರಿ ಅಂದೆ. ಎರಡು ಸಾಲಿಗೆ ನನ್ನ ಹೊಟ್ಟೆ ತುಂಬುವುದಿಲ್ಲ ತಮ್ಮಾ.

ಎಲ್ಲರ ಎದುರಿಗೆ ಕೊಡಬೇಕೆಂದೇ ಗಾಜಿನ ಬಾಗಿಲೊಳಗೆ ಚೀಲ ಇಳಿಸಿದೆ. ಮ್ಯಾನೇಜರಿಗೆ ನಮ್ಮ ಮನೆಯ ಕರಿ ಕಂಬಳಿ ಹೊದಿಸಿದೆ. ಅವನ ಮೇಲೆ ನನಗೇನು ಪ್ರೀತಿ ಉಕ್ಕಿಲ್ಲ, ದೊಡ್ಡ ಕುರ್ಚಿಯಲ್ಲಿ ಕೂತವನನ್ನು ಬಿಟ್ಟರೆ ನಿನಗೆ ತೊಂದರೆಯಾದೀತು ಎಂದು. ಆಮೇಲೆ ಎಲ್ಲರಿಗೂ ಕೇಳುವಂತೆ, "ದ್ಯಾವಪ್ಪಾ, ತಗೋ. ಇದು ನಿನ್ನ ಆಯ" ಅಂದೆ.

ಈ ಕಾಲದ ಹುಡುಗ ನೀನು, ಆಯ ಎಂದರೆ ನಿನಗೆ ತಿಳಿಯಿತೋ ಇಲ್ಲವೋ. ಮೊದಲು ಊರಲ್ಲಿ ಬಡಿಗ, ಕಮ್ಮಾರ, ಕುಂಬಾರ, ಅಗಸ, ಇನ್ನೂ ಹಲವರು ವರ್ಷವಿಡೀ ರೈತನಿಗೆ ದುಡಿಯುತ್ತಿದ್ದರು. ರೊಕ್ಕ ಕೇಳುತ್ತಿರಲಿಲ್ಲ. ರಾಶಿಯಾದ ದಿನ ಕಣಕ್ಕೆ ಬಂದರೆ ಒಕ್ಕಲಿಗ ಅವರವರ ಪಾಲಿನ ಕಾಳು ಅಳೆದು ಕೊಡುತ್ತಿದ್ದ. ಆ ಪಾಲಿಗೆ ಆಯ ಅನ್ನುತ್ತಿದ್ದರು. ನೀನು ನನ್ನ ಕೆಲಸ ಮಾಡಿದೆ, ರಾಶಿಯಲ್ಲಿ ನಿನಗೂ ಪಾಲಿದೆ ಎಂದು ಹೇಳಿದಂತೆ.

ನೀನು ತಲೆ ತಗ್ಗಿಸಿ ಚೀಲವನ್ನು ಗೋಡೆಗೆ ಸರಿಸಿದೆ. ಮೂಲೆಯಲ್ಲಿ ಲೆಕ್ಕ ಬರೆಯುವ ಮುದುಕ ನಕ್ಕ, ಪಕ್ಕದವನಿಗೆ ಏನೋ ಹೇಳಿದ, ಅವನೂ ನಕ್ಕ. ನೀನು ನಾಚಿಕೊಂಡೆ ಎಂದು ನಾನು ತಿಳಿದೆ. ಚಹಾ ಕುಡಿಯೋಣ ಅಂದವನು ಒಳಗೆ ಹೋದವನು ಬರಲೇ ಇಲ್ಲ. ವಾಪಸು ಬರುವಾಗ ರೇಣಮ್ಮ, "ಆ ಹುಡುಗನ ಮಾರಿ ನೋಡಿದ್ರೇನು?" ಅಂದಳು. ನಾನು ನೋಡಿರಲಿಲ್ಲ. ಮರಿಲಿಂಗಪ್ಪನಿಗೆ ದಾರಿ ತೋರಿಸುತ್ತಿದ್ದೆ.

ಅಕ್ಕಿ ಹೇಗಿದೆ ಬರೆ. ಹೊಸ ಅಕ್ಕಿ, ನೀರು ಕಡಿಮೆ ಹಾಕಬೇಕು.

ಬಸವಂತರಾಯ


ಭೀಮರಾಯನಗುಡಿ
24 ಫೆಬ್ರವರಿ 1998

ತಮ್ಮ ದ್ಯಾವಪ್ಪನಿಗೆ,

ನಿನ್ನಿಂದ ಒಂದು ಕಾರ್ಡೂ ಇಲ್ಲ. ಕೆಲಸ ಹೆಚ್ಚಿರಬಹುದು ಎಂದು ಒಂದೂವರೆ ತಿಂಗಳು ಸುಮ್ಮನಿದ್ದೆ. ನಿನ್ನೆ ರೇಣಮ್ಮನನ್ನು ದವಾಖಾನೆಗೆ ಕರೆತಂದವನು ಷೋರೂಮಿಗೂ ಬಂದೆ. ನೀನು ಇರಲಿಲ್ಲ. ನಿನ್ನ ಮೇಜಿನ ಹತ್ತಿರ ನಿಂತಿದ್ದವನನ್ನು ಕೇಳಿದೆ. "ಯಾರು, ಆಯಗಾರನೇನ್ರಿ? ರಜಾ ಹಾಕಿ ಊರಿಗೆ ಹೋಗ್ಯಾನ" ಅಂದು ಹಲ್ಲು ಕಿಸಿದ.

ಆ ಹೆಸರು ನಿನಗೆ ನಾನೇ ಕೊಟ್ಟು ಬಂದೆ ಎಂದು ಅಲ್ಲಿಯೇ ತಿಳಿಯಿತು. ಕಾರಿನಲ್ಲಿ ಕೂತ ಮೇಲೆ, ಹೊರಡಲೇನು ಎಂದು ಮರಿಲಿಂಗಪ್ಪ ಎರಡು ಸಲ ಕೇಳಬೇಕಾಯಿತು. ರೇಣಮ್ಮ ಬೈದಿದ್ದರೆ ಚೆನ್ನಾಗಿತ್ತು.

ನಾನು ಒಳ್ಳೆಯದಕ್ಕೇ ಮಾಡಿದೆ. ತಪ್ಪಾಗಿದ್ದರೆ ಎಲ್ಲಿ ತಪ್ಪಾಯಿತು ಎಂದು ಹೇಳು. ಬೈದು ಬರೆದರೂ ಆದೀತು. ಷೋರೂಮಿನಲ್ಲಿ ನಿನ್ನ ಊರಿನ ವಿಳಾಸ ಇಸಿದುಕೊಂಡಿದ್ದೇನೆ.

ಬಸವಂತರಾಯ


ರಾಮಸಮುದ್ರ
15 ಮಾರ್ಚ್ 1998

ಶ್ರೀ ಬಸವಂತರಾಯರಿಗೆ,

ನಿಮ್ಮ ಎರಡೂ ಪತ್ರ ಮುಟ್ಟಿವೆ. ಉತ್ತರ ಬರೆಯಲು ಕೂತು ಎರಡು ಸಲ ಹರಿದು ಹಾಕಿದೆ. ಬೈಯಬೇಕೆಂದು ಇಲ್ಲ. ಕೇಳಿದ್ದೀರಿ, ಹೇಳುತ್ತೇನೆ.

ಆಯ ಎಂದರೆ ನನಗೆ ತಿಳಿಯಲಿಕ್ಕಿಲ್ಲ ಎಂದು ಬರೆದಿರಿ. ನಿಜ, ಆ ಮಾತನ್ನು ನಾನು ಕೇಳಿದ್ದೆನೇ ಹೊರತು ಅದರ ಭಾರ ಗೊತ್ತಿರಲಿಲ್ಲ. ಲೆಕ್ಕದ ಮುದುಕನಿಗೆ ಗೊತ್ತಿತ್ತು. ಅವನು ನಕ್ಕಾಗ ನನಗೂ ಅರ್ಧ ತಿಳಿಯಿತು. ಮರುದಿನದಿಂದ ಎಲ್ಲರೂ ಆಯಗಾರ ಅನ್ನತೊಡಗಿದರು. ಅದನ್ನೂ ತಡೆದುಕೊಳ್ಳುತ್ತಿದ್ದೆ. ಸಂಕ್ರಾಂತಿಗೆ ಊರಿಗೆ ಬರುವಾಗ ಆ ಚೀಲ ಬಸ್ಸಿನ ಮೇಲೆ ಹಾಕಿಕೊಂಡು ಬಂದೆ. ಒಳ್ಳೆಯ ಅಕ್ಕಿ ಎಂದು ಅವ್ವ ಲಾಲಮ್ಮ ಅವತ್ತೇ ಅನ್ನ ಮಾಡಿದಳು. ಅಪ್ಪನೂ ನಾನೂ ಊಟಕ್ಕೆ ಕೂತೆವು. ಎಲ್ಲಿಯದು ಎಂದು ಅಪ್ಪ ಕೇಳಿದ. ನಾನು ಅದನ್ನು ನಗೆಯ ಮಾತಾಗಿ ಮಾಡಿ ಹೇಳಿದೆ. ನಿಮ್ಮ ದನಿಯನ್ನೇ ಅಣಕಿಸಿ, "ದ್ಯಾವಪ್ಪಾ, ತಗೋ. ಇದು ನಿನ್ನ ಆಯ" ಅಂದೆ.

ಅಪ್ಪ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಇಟ್ಟ. ತಾಟಿನಲ್ಲೇ ಕೈ ತೊಳೆದು ಎದ್ದ.

ಆ ದಿನದಿಂದ ಅಪ್ಪ ನನ್ನ ಜೊತೆ ಊಟಕ್ಕೆ ಕೂರುವುದಿಲ್ಲ. ಬೈಯುವುದಿಲ್ಲ, ಮಾತಾಡುವುದಿಲ್ಲ. ನಾನು ಬಂದರೆ ತನ್ನ ರೊಟ್ಟಿ ಹಿಡಿದು ಹೊರಗೆ ಬೇವಿನ ಗಿಡದ ಬುಡಕ್ಕೆ ಹೋಗುತ್ತಾನೆ. ಎರಡು ಸಲ ಗುಲ್ಬರ್ಗಾಕ್ಕೆ ಹೋಗಿ ಬಂದೆ, ಎರಡು ಸಲವೂ ಹಾಗೇ. ಕೊನೆಗೆ ರಜೆ ಹಾಕಿ ಬಂದು ಕೂತಿದ್ದೇನೆ. ಅವ್ವನೇ ಒಂದು ದಿನ ಎಲ್ಲ ಹೇಳಿದಳು.

ನಮ್ಮ ಅಜ್ಜ ಊರ ಗೌಡರ ಕಣಕ್ಕೆ ಆಯಕ್ಕೆ ಹೋಗುತ್ತಿದ್ದ. ಬಡಿಗ ಕಮ್ಮಾರರಿಗೆ ಅಳೆದು ಕೊಟ್ಟ ಮೇಲೆ, ರಾಶಿಯ ತಳದಲ್ಲಿ ಮಣ್ಣು ಕೂಡಿದ್ದನ್ನು ನಮ್ಮವರಿಗೆ ದೂರದಿಂದ ಸುರಿಯುತ್ತಿದ್ದರು. ಧೋತರದ ಚುಂಗು ಒಡ್ಡಿ ನಿಲ್ಲಬೇಕಿತ್ತು. ಸತ್ತ ದನ ಎಳೆಯುವುದರಿಂದ ಹಿಡಿದು ರಾತ್ರಿ ಓಲೆ ಒಯ್ಯುವವರೆಗೆ ವರ್ಷವಿಡೀ ಮಾಡಿದ್ದಕ್ಕೆ ಅದು. ನನಗೆ ಐದು ವರ್ಷವಿದ್ದಾಗ ಅಜ್ಜನಿಗೆ ಜ್ವರ ಬಂದು, ಅಪ್ಪ ಅವನ ಬದಲಿಗೆ ಹೋಗಿ ನಿಂತನಂತೆ. ಗೌಡರು ಅವನನ್ನು ನೋಡಿ, "ಮುದುಕಂದು ಮುಗೀತು. ಇನ್ ಮ್ಯಾಲ ಇದು ನಿನ್ನ ಆಯ" ಅಂದರಂತೆ. ಅಂದರೆ ಇನ್ನು ಸಾಯುವವರೆಗೆ ನೀನು ಈ ಕಣದವನು, ನಿನ್ನ ನಂತರ ನಿನ್ನ ಮಗ. ಅಪ್ಪ ಒಡ್ಡಿದ ಚುಂಗನ್ನು ಬಿಟ್ಟುಬಿಟ್ಟ. ಕಾಳು ನೆಲಕ್ಕೆ ಬಿತ್ತು. ಆ ವಾರವೇ ಊರು ಬಿಟ್ಟ.

ಎಲ್ಲಿಗೆ ಹೋದ ಗೊತ್ತೇ? ನಿಮ್ಮ ಭೀಮರಾಯನಗುಡಿಗೆ. ಕಾಲುವೆ ಕಡಿಯಲು. ಎಂಟು ವರ್ಷ ಬಂಡೆ ಒಡೆದ. ಜೊತೆಗಿದ್ದ ಶಾಂತಪ್ಪ ಎಂಬ ಗೆಳೆಯ ಮದ್ದು ಸಿಡಿದು ಅವನ ಕಣ್ಣೆದುರೇ ಹೋದ. ಆದರೂ ಅಪ್ಪನಿಗೆ ಆ ಕೆಲಸ ಮೇಲೆನಿಸಿತ್ತು. ವಾರಕ್ಕೊಮ್ಮೆ ಹೆಬ್ಬೆಟ್ಟು ಒತ್ತಿ ಪಗಾರ ತೆಗೆದುಕೊಂಡವನು ಬೇಡವೆಂದರೆ ಮರುದಿನ ಬಿಟ್ಟು ಹೋಗಬಹುದಿತ್ತು. ಆಯ ತೆಗೆದುಕೊಂಡವನು ಹೋಗುವಂತಿರಲಿಲ್ಲ. ಆ ಪಗಾರದಲ್ಲೇ ನಾನು ಓದಿದೆ. ಆ ವರ್ಷಗಳಲ್ಲೇ ಅಪ್ಪ ದೀಕ್ಷೆ ತೆಗೆದುಕೊಂಡು ಮನೆಯ ಗೋಡೆಯ ಮೇಲೆ ಬುದ್ಧನ ಪಟ ಹಚ್ಚಿದ.

ಅವನು ಕಡಿದ ಕಾಲುವೆಯ ನೀರಿನಲ್ಲಿ ನೀವು ಭತ್ತ ಬೆಳೆದಿರಿ. ಯಾವ ಮಾತಿನಿಂದ ಓಡಿಹೋಗಿ ಅವನು ಆ ಕಾಲುವೆ ಕಡಿದನೋ, ಆ ಮಾತನ್ನು ಆ ಭತ್ತದ ಮೇಲಿಟ್ಟು ಅವನ ಮಗನ ಕೈಗೆ ಕೊಟ್ಟಿರಿ. ಮಗ ನಗುತ್ತ ಹೊತ್ತು ತಂದ. ನನ್ನ ತಪ್ಪು ಅದು, ನಿಮ್ಮದಲ್ಲ.

ಇನ್ನೊಂದು ಸಂಗತಿ ಬರೆಯಬೇಕು. ನಾನು ಬಕ್ಷೀಸು ಮುಟ್ಟದವನಲ್ಲ. ಎಷ್ಟೋ ಜನ ಕೊಟ್ಟಿದ್ದಾರೆ, ಜೇಬಿಗೆ ಹಾಕಿಕೊಂಡಿದ್ದೇನೆ, ನಾಲ್ಕು ಜನ ಕೂಡಿ ಚಹಾ ಕುಡಿದಿದ್ದೇವೆ. ನನಗೆ ಎಂದೂ ಸಣ್ಣದೆನಿಸಿಲ್ಲ. ಕೊಟ್ಟವನು ಸಂಜೆಗೆ ಮರೆಯುತ್ತಾನೆ, ತೆಗೆದುಕೊಂಡವನೂ ಮರೆಯುತ್ತಾನೆ. ನೀವೂ ಒಂದು ನೋಟು ಮಡಚಿ ಕೊಟ್ಟಿದ್ದರೆ ನಕ್ಕು ತೆಗೆದುಕೊಳ್ಳುತ್ತಿದ್ದೆ. ಆಯ ಹಾಗಲ್ಲ. ಕೊಟ್ಟವನು ಮರೆಯುವುದಿಲ್ಲ, ತೆಗೆದುಕೊಂಡವನ ಮಗನಿಗೂ ಮರೆಯಗೊಡುವುದಿಲ್ಲ.

ಅಕ್ಕಿ ಹಾಗೇ ಮೂಲೆಯಲ್ಲಿದೆ. ಅವ್ವನಿಗೆ ಅನ್ನ ಚೆಲ್ಲಲು ಮನಸ್ಸಿಲ್ಲ, ಬೇಯಿಸಲು ಧೈರ್ಯವಿಲ್ಲ. ಕಾಕಿಯ ಆರೋಗ್ಯ ಚೆನ್ನಾಗಿರಲಿ.

ದ್ಯಾವಪ್ಪ ಸಾಬಣ್ಣ


ಭೀಮರಾಯನಗುಡಿ
12 ಏಪ್ರಿಲ್ 1998

ಶ್ರೀ ದ್ಯಾವಪ್ಪನವರಿಗೆ ಬಸವಂತರಾಯನ ನಮಸ್ಕಾರಗಳು.

ಉತ್ತರಕ್ಕೆ ಒಂದು ತಿಂಗಳು ಹಿಡಿಯಿತು. ನಡುವೆ ಯುಗಾದಿ ಬಂದು ಹೋಯಿತು. ಬೇವು ಬೆಲ್ಲ ಬಾಯಿಗಿಟ್ಟುಕೊಂಡೆ, ಬೆಲ್ಲ ಇತ್ತೋ ಇಲ್ಲವೋ ತಿಳಿಯಲಿಲ್ಲ. ಇಲ್ಲಿಯತನಕ ನಿಮ್ಮನ್ನು ನೀನು ಎಂದು ಬರೆದೆ, ನಿಮ್ಮ ಮ್ಯಾನೇಜರು ನಿಮ್ಮದೇ ವಯಸ್ಸಿನವನು, ಅವನಿಗೆ ನೀವು ಅಂದಿದ್ದೆ. ಅದೂ ಈಗ ಕಾಣುತ್ತಿದೆ.

ತಪ್ಪು ನಿಮ್ಮದಲ್ಲ ಎಂದು ನನ್ನನ್ನು ಬಿಟ್ಟುಬಿಟ್ಟಿದ್ದೀರಿ. ನನಗೆ ಗೊತ್ತಿರಲಿಲ್ಲ ಎಂದು ನಾನೂ ಸುಮ್ಮನಾಗಬಹುದಿತ್ತು. ಆದರೆ ನನಗೆ ಗೊತ್ತಿತ್ತು. ಮೊದಲ ದಿನ ನೀವು ರಾಮಸಮುದ್ರದವರು ಎಂದಾಗ ನಾನು ಏನು ಕೇಳಿದೆ, ನೆನಪಿದೆಯೇ? "ಯಾವ ಓಣಿ?" ಎಂದು ಕೇಳಿದೆ. ಆ ಊರಿನ ಒಂದು ಓಣಿಯೂ ನನಗೆ ಗೊತ್ತಿಲ್ಲ. ನೀವು ಉತ್ತರ ಕೊಡದೆ ಕಾಗದ ತರಲು ಎದ್ದಿರಿ. ನನಗೆ ಬೇಕಾದ ಉತ್ತರ ಸಿಕ್ಕಿತ್ತು.

ಅದಾದ ಮೇಲೆ ನಿಮಗೆ ಏನು ಕೊಡಬೇಕು ಎಂದು ಹತ್ತು ಜನರನ್ನು ಕೇಳಿದೆ. ನನಗೆ ನಾನು ಕೇಳಿಕೊಳ್ಳಲಿಲ್ಲ. ಸೂಗಪ್ಪ ಮಾಸ್ತರನ ಮಗ ಆ ಉಪಕಾರ ಮಾಡಿದ್ದರೆ ಕಂಬಳಿ ಹೊದಿಸುತ್ತಿದ್ದೆ. ನಮ್ಮಲ್ಲಿ ಅದಕ್ಕಿಂತ ದೊಡ್ಡ ಮರ್ಯಾದೆ ಇಲ್ಲ. ಆ ದಿನ ಕಾರಿನಲ್ಲಿ ಒಂದೇ ಕಂಬಳಿ ಇತ್ತು. ನನಗೆ ಕೆಟ್ಟ ಕಾರು ಕಟ್ಟಲು ನೋಡಿದವನ ಹೆಗಲಿಗೆ ಅದನ್ನು ಹಾಕಿದೆ, ಉಳಿಸಿದವರ ಕಾಲ ಹತ್ತಿರ ಚೀಲ ಇಳಿಸಿದೆ. ಕೈ ತಾನಾಗಿ ಹೋಯಿತು, ಬಾಯಿಗೆ ಆ ಮಾತು ತಾನಾಗಿ ಬಂತು. ಯೋಚಿಸಿ ಮಾಡಿದ್ದರೆ ಇಷ್ಟು ಸರಾಗವಾಗಿ ಬರುತ್ತಿರಲಿಲ್ಲ.

ಇನ್ನೂ ಇದೆ. ನಾವೂ ಯಾವ ಗೌಡರ ಕಟ್ಟೆ ಹತ್ತಿ ಕೂತವರಲ್ಲ. ನಮ್ಮಪ್ಪ ಬ್ಯಾಸಗಿಯಲ್ಲಿ ಕಂಡವರ ಹೊಲದಲ್ಲಿ ಗೊಬ್ಬರಕ್ಕೆಂದು ರಾತ್ರಿ ಕುರಿ ತರುಬಿ, ಅವರು ಕೊಟ್ಟ ಜೋಳ ಕಟ್ಟಿಕೊಂಡು ಬರುತ್ತಿದ್ದ. ನಮಗೆ ಕಣ ಅಂತ ಇರಲಿಲ್ಲ. ಕಾಲುವೆ ಬಂದ ಮೇಲೆ ಕಣ ಬಂತು. ಕಣ ಬಂದ ಮೇಲೆ, ಜೀವಮಾನದಲ್ಲಿ ಒಮ್ಮೆಯಾದರೂ ಆಯ ಕೊಡುವವನಾಗಬೇಕು ಎಂದು ಆಸೆ ಬಂತು. ಕೊಡಲು ಯಾರೂ ಸಿಗಲಿಲ್ಲ, ಈಗ ಊರಲ್ಲಿ ಎಲ್ಲರೂ ರೊಕ್ಕಕ್ಕೆ ದುಡಿಯುತ್ತಾರೆ. ನೀವು ಸಿಕ್ಕಿರಿ. ನಿಮ್ಮ ಉಪಕಾರದ ನೆಪದಲ್ಲಿ ನಾನು ಗೌಡನಾದೆ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದೆ. ರೇಣಮ್ಮನಿಗೆ ಓದಿ ಹೇಳಿದೆ. "ಅವತ್ತ ಗೊತ್ತಿತ್ತು ನನಗ" ಅಂದಳು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆದರೂ ಹೋದ ಗುರುವಾರ ನಿಮ್ಮ ಷೋರೂಮಿಗೆ ಹೋಗಿ, ಅದೇ ಬಾಗಿಲೊಳಗೆ ನಿಂತು, "ಅವತ್ತ ನಾ ಆಡಿದ ಮಾತು ಹಿಂದಕ್ಕ ತಗೊಂಡೀನಿ. ಅದು ನನ್ನ ಸೊಕ್ಕಿನ ಮಾತು" ಅಂದೆ. ಬೇರೆ ಏನೂ ಹೇಳಲಿಲ್ಲ, ಬಣ್ಣದ ಸಂಗತಿ ಎತ್ತಲಿಲ್ಲ. ನಕ್ಕರು. ನಿಮ್ಮ ಮೇಲೆ ಬಿದ್ದ ನಗುವಿನಲ್ಲಿ ಸ್ವಲ್ಪ ನನ್ನ ಮೇಲೂ ಬೀಳಲಿ ಎಂದು ನಿಂತೇ ಇದ್ದೆ. ಲೆಕ್ಕದ ಮುದುಕ ಮಾತ್ರ ತಲೆ ಎತ್ತಲಿಲ್ಲ.

ಇನ್ನು ನಾನು ಏನೂ ಕಳಿಸುವುದಿಲ್ಲ. ನಿಮ್ಮ ತಂದೆಗೆ ಒಪ್ಪಿಗೆಯಿದ್ದರೆ ಈ ಕಾಗದ ಅವರಿಗೆ ಓದಿ ಹೇಳಿರಿ. ಚೀಲ ಒಯ್ಯಿ ಎಂದರೆ ನಾನೇ ಬಂದು ನನ್ನ ಹೆಗಲ ಮೇಲೆ ಹೊತ್ತು ಒಯ್ಯುತ್ತೇನೆ. ಅವರ ಜೊತೆ ನಿಮ್ಮ ಊಟ ಕೆಡಿಸಿದವನು ನಾನು.

ತಪ್ಪಾಯಿತು.

ಬಸವಂತರಾಯ


ರಾಮಸಮುದ್ರ
3 ಮೇ 1998

ಬಸವಂತರಾಯ ಕಾಕಾರಿಗೆ ನಮಸ್ಕಾರಗಳು.

ನಿಮ್ಮ ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. ಅವನು ಬೇವಿನ ಗಿಡದ ಬುಡದಲ್ಲಿ ಕೂತಿದ್ದ, ನಾನು ಅಷ್ಟು ದೂರದಲ್ಲಿ ನಿಂತು ಓದಿದೆ. ಮುಗಿದ ಮೇಲೆ, "ಇನ್ನೊಮ್ಮಿ ಓದು" ಅಂದ. ಮೂರೂವರೆ ತಿಂಗಳ ಮೇಲೆ ನನಗೆ ಅವನು ಆಡಿದ ಮೊದಲ ಮಾತು ಅದು. ಎರಡನೆಯ ಸಲ ಹತ್ತಿರ ಕೂತು ಓದಿದೆ. ಅದಾಗಿ ಎಂಟು ದಿನವಾಯಿತು. ಇವತ್ತು ಬೆಳಿಗ್ಗೆ ಎದ್ದವನೇ ಕಾಗದ ತಗೊಂಡು ಕೂಡು ಅಂದ. ಅವನು ಹೇಳಿದ್ದನ್ನು ಒಂದಕ್ಷರ ತಿದ್ದದೆ ಬರೆಯುತ್ತಿದ್ದೇನೆ.

"ಬಸವಂತರಾಯರ, ನಾ ಸಾಬಣ್ಣ. ನಿಮ್ಮ ಕಾಗದ ಕೇಳೀನಿ. ಸೊಕ್ಕು ಅಂತ ನೀವ ಬರದೀರಿ, ನಾ ಅದರ ಮ್ಯಾಲ ಮತ್ತ ಹೇಳಾದೇನಿಲ್ಲ. ಚೀಲ ಒಯ್ಯಾಕ ಬರಬ್ಯಾಡ್ರಿ. ಅಕ್ಕಿದೇನು ತಪ್ಪದ.

"ಮಗಂಗ ಏನು ಕೊಡಬೇಕು ಅಂತ ಊರೆಲ್ಲಾ ಕೇಳೀರಿ. ಅವಂಗ ಬೇಕಾದ್ದು ಅವ ಕೇಳ್ತಾನ. ನನಗ ಬೇಕಾದ್ದು ನಾ ಕೇಳ್ತೀನಿ. ಎಂಟು ವರ್ಷ ಬಂಡೆಗಲ್ಲು ಒಡದು ಕಾಲುವಿ ಕಡದೀವಿ. ನೀರು ಬಿಡೂ ಮೊದಲ ನಮ್ಮನ್ನ ಲಾರಿ ಹತ್ತಿಸಿ ಮನಿಗೆ ಕಳಿಸಿದ್ರು. ನೀರು ಬಿಟ್ಟ ದಿನ ಮಂಟಪ ಹಾಕಿ, ಹಾರ ಹಾಕಿ, ಭಾಳ ಜೋರು ಮಾಡಿದ್ರಂತ. ಯಾರಿಗಿ ಹಾಕಿದ್ರೋ. ಶಾಂತಪ್ಪನ ಹೆಸರು ಯಾರರ ಅಂದ್ರೋ ಇಲ್ಲೋ. ಅದಾದ ಮ್ಯಾಲ ಎರಡು ಸಲ ಬಸ್ಸಿನ ಕಿಡಕಿಯಿಂದ ಆ ನೀರು ಕಂಡೀನಿ. ಇಳದು ನೋಡಿಲ್ಲ. ಇಳದರ ಅಲ್ಲಿಯವರು ನೀ ಯಾರು, ಇಲ್ಲಿ ಯಾಕ ನಿಂತೀದಿ ಅಂತ ಕೇಳತಾರ.

"ಮಳಿಗಾಲದಾಗ ನೀರು ಬಿಟ್ಟ ಮ್ಯಾಲ ಒಂದು ಕಾರ್ಡು ಹಾಕ್ರಿ. ನಾ ಬರ್ತೀನಿ. ಕಾರು ಕಳಸಬ್ಯಾಡ್ರಿ, ಬಸ್ಸಿಗಿ ಬರ್ತೀನಿ. ನಿಮ್ಮ ಹೊಲದ ಮ್ಯಾಲ ಕಾಲುವಿ ದಂಡಿಗಿ ನೀವು ನಾನು ನಿಲ್ಲೂಣು. ಹೋಗಿ ಬರೂ ಮಂದಿ ಇವರು ಯಾರು ಅಂತ ಕೇಳಿದ್ರ, ಈ ಕಾಲುವಿ ಕಡದವರು ಅಂತ ಹೇಳ್ರಿ. ಎಲ್ಲಾರಿಗಿ ಕೇಳೂ ಹಂಗ ಹೇಳ್ರಿ. ಊರು ಓಣಿ ಹೇಳಬ್ಯಾಡ್ರಿ. ಇಷ್ಟು ಮಾಡಿದ್ರ ನನ್ನ ಮಗ ಮಾಡಿದ್ದಕ್ಕೂ ಆತು, ನಾ ಮಾಡಿದ್ದಕ್ಕೂ ಆತು."

ಇಷ್ಟೇ ಹೇಳಿದ. ಕೊನೆಗೆ ತನ್ನ ಹೆಬ್ಬೆಟ್ಟು ಒತ್ತುತ್ತೇನೆ ಅಂದ. ಶಾಯಿಯ ಪ್ಯಾಡು ಇರಲಿಲ್ಲ, ಪೆನ್ನಿನ ಮಸಿ ಬಳಿದು ಕೆಳಗೆ ಒತ್ತಿದ್ದಾನೆ, ಸ್ವಲ್ಪ ಕದಡಿದೆ.

ನಾನು ನಾಳೆ ಗುಲ್ಬರ್ಗಾಕ್ಕೆ ಹೊರಡುತ್ತೇನೆ, ಮಂಗಳವಾರ ಕೆಲಸಕ್ಕೆ ಹಾಜರು. ಅವರು ಏನು ಹೆಸರಿಟ್ಟು ಕರೆದರೂ ಕರೆಯಲಿ. ಕಾಕಿಯನ್ನು ದವಾಖಾನೆಗೆ ಕರೆತಂದಾಗ ಷೋರೂಮಿಗೂ ಬನ್ನಿ, ಆ ದಿನ ಕುಡಿಯದೆ ಬಿಟ್ಟ ಚಹಾ ಕುಡಿಯೋಣ. ಬರೆಯಬೇಕಾದ್ದು ಇನ್ನೂ ಇದೆ. ಆದರೆ ಒಳಗಿನಿಂದ ಅಪ್ಪ, "ದ್ಯಾವಪ್ಪಾ, ಬಾ, ಅನ್ನ ಆರಾಕತ್ತದ" ಎಂದು ಎರಡನೆಯ ಸಲ ಕರೆಯುತ್ತಿದ್ದಾನೆ. ನಾನು ಹೋಗಬೇಕು.

ನಿಮ್ಮ
ದ್ಯಾವಪ್ಪ